ಹೊಟ್ಟೆಯ ಫೋಟೋ

ಶಿವರಾತ್ರಿ ಮುಗಿದ ನಾಲ್ಕನೆಯ ದಿನ ತಾರಾದೇವಿ ಅರ್ಧ ರೊಟ್ಟಿಗೇ ಕೈ ತೊಳೆದುಕೊಂಡರು. ಮೂರು ರೊಟ್ಟಿಗೆ ಕಡಿಮೆ ಉಂಡು ಎದ್ದವರಲ್ಲ ಅವರು. ಉಳಿದ ಅರ್ಧವನ್ನು ಮೊಮ್ಮಗಳು ವಚನಾಳ ತಟ್ಟೆಗೆ ಹಾಕಿ, "ಹಬ್ಬದಾಗ ಹೊತ್ತಲ್ಲದ ಹೊತ್ತಿನಾಗ ತಿಂದು ಗ್ಯಾಸ್ ಹಿಡದದ. ನಾಳೆ ಶುಂಠಿ ಕಷಾಯ ಕುಡದ್ರ ಸರಿಹೋಗ್ತದ" ಎಂದು ಯಾರೂ ಕೇಳುವ ಮೊದಲೇ ಉತ್ತರ ಕೊಟ್ಟರು.

ಕೇಳುವವರು ಯಾರೂ ಇರಲೂ ಇಲ್ಲ. ಗಂಡ ದಾನಯ್ಯನವರು ಮೂವತ್ತು ವರ್ಷಗಳಿಂದ ಕಾಶಿಯ ಮಠದ ಅಡುಗೆಮನೆಯ ಉಸ್ತುವಾರಿ ಹೊತ್ತವರು. ಹಬ್ಬಕ್ಕೆ ಕರ್ನಾಟಕದಿಂದ ಬಂದಿದ್ದ ಯಾತ್ರಿಕರನ್ನು ರೈಲು ಹತ್ತಿಸಿ ಕಳಿಸುವುದರಲ್ಲೇ ಅವರ ತಲೆ ಇತ್ತು. ಮಗ ಶರಣ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ. ಹಿಂದಿ ಪೇಪರನ್ನು ತಟ್ಟೆಯ ಪಕ್ಕ ಮಡಚಿಟ್ಟುಕೊಂಡು ಉಣ್ಣುತ್ತಿದ್ದ. ಕಂಡದ್ದು ಸೊಸೆ ಭವಾನಿ ಒಬ್ಬಳಿಗೇ.

ಮರುದಿನ ಮಾಳಿಗೆಯ ಮೇಲೆ ಬಟ್ಟೆ ಹರವುವಾಗ ಅತ್ತೆಯ ಲಂಗದ ಲಾಡಿ ಅವಳ ಕೈಗೆ ಸಿಕ್ಕಿತು. ಹಳೆಯ ಸೀರೆಯ ಅಂಚು ಹರಿದು ಅದಕ್ಕೆ ಗೇಣುದ್ದ ಜೋಡಿಸಲಾಗಿತ್ತು. ಜೋಡಿಸಿದ ಗಂಟು ಹೊಸದು.

"ಅತ್ತಿ, ನಿಮ್ಮ ಮೈ ಸೊರಗೇದ, ಹೊಟ್ಟಿ ಮಾತ್ರ ಮುಂದ ಬಂದದ. ಇದು ಗ್ಯಾಸ್ ಅಲ್ರಿ" ಎಂದಳು ಕೆಳಗಿಳಿದು.

"ಆಹಾ, ಇಳಕಲ್ಲಿನ ಡಾಕ್ಟರಕಿ! ಮೊದಲು ಒಲಿ ಮ್ಯಾಲೆ ಹಾಲು ಉಕ್ಕಾಕತ್ತದ ನೋಡು."

ಹನ್ನೆರಡು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಭವಾನಿಗೆ ಹಿಂದಿಯಲ್ಲಿ 'ಪಾನಿ' ಬಿಟ್ಟರೆ ಬೇರೆ ಪದ ಬರುತ್ತಿರಲಿಲ್ಲ. ಸೋನಾರ್‌ಪುರದ ತರಕಾರಿ ಗಾಡಿಗಳ ಮುಂದೆ ನಿಲ್ಲಿಸಿ, "ಕೇಳು, ಮೊದಲ ಅರ್ಧಕ್ಕ ಕೇಳು, ಆಮೇಲೆ ಸಿಟ್ಟಿಲೆ ಎರಡ ಹೆಜ್ಜಿ ಹೋಗು, ತಾನಾಗೇ ಕರೀತಾನ" ಎಂದು ಭಾಷೆಯನ್ನೂ ಚೌಕಾಸಿಯನ್ನೂ ಒಟ್ಟಿಗೇ ಕಲಿಸಿದವರು ಅತ್ತೆ. ಆ ವಿದ್ಯೆಯನ್ನೇ ಈಗ ಸೊಸೆ ತಿರುಗಿಸಿ ಪ್ರಯೋಗಿಸಿದಳು. ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾರಾದೇವಿಯವರೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು: "ನಡಿ ಮಾರಾಯ್ತಿ, ಯಾವ ಡಾಕ್ಟರಿಗೆ ತೋರಸ್ತಿ ತೋರಸು."

ಹೆಂಗಸರ ಡಾಕ್ಟರು ಹೊಟ್ಟೆ ಮುಟ್ಟಿದವರೇ ಅಲ್ಟ್ರಾಸೌಂಡಿಗೆ ಕಳಿಸಿದರು. ಹೊಟ್ಟೆಯಲ್ಲಿ ನೀರು ತುಂಬಿತ್ತು. ಎಡಗಡೆಯ ಅಂಡಾಶಯದಲ್ಲಿ ಒಂದು ಗಡ್ಡೆ ಇತ್ತು. ಸೂಜಿ ಹಾಕಿ ನೀರು ತೆಗೆದರು; ಆ ನೀರಿನ ಪರೀಕ್ಷೆಯ ಫಲ ಬಂದ ದಿನ ಡಾಕ್ಟರು ಶರಣನನ್ನು ಮಾತ್ರ ಒಳಗೆ ಕರೆದರು.

ಆ ಸಂಜೆ ಮಾಳಿಗೆಯ ಮೇಲೆ ಮೂವರು ನಿಂತರು: ದಾನಯ್ಯನವರು, ಶರಣ, ಭವಾನಿ. ಕೆಳಗೆ ತಾರಾದೇವಿ ವಚನಾಳ ಜಡೆ ಹೆಣೆಯುತ್ತ ಹಾಡಿಕೊಳ್ಳುತ್ತಿದ್ದುದು ಕೇಳುತ್ತಿತ್ತು.

"ಆಕಿಗೆ ಒಂದ ಮಾತು ಹೇಳಕೂಡದು" ಎಂದರು ದಾನಯ್ಯನವರು. "ನಮ್ಮ ಅಕ್ಕ ಹೋಗಿದ್ದು ರೋಗದಿಂದಲ್ಲ, ರೋಗದ ಹೆಸರು ಕೇಳಿ. ಕೇಳಿದ ದಿನದಿಂದ ಅನ್ನ ಬಿಟ್ಟಳು. ನಾ ಕಣ್ಣಾರೆ ಕಂಡೀನಿ."

"ಆದ್ರ ಸಿ.ಟಿ. ಸ್ಕ್ಯಾನ್ ಆಗಬೇಕಂತ, ಅಪ್ಪಾ" ಎಂದ ಶರಣ. "ಎಲ್ಲೆಲ್ಲಿ ಹರಡೇದ ಅಂತ ಅದರಾಗ ಗೊತ್ತಾಗ್ತದ. ಅದನ್ನ ನೋಡಿನ ಆಪರೇಷನ್ನೋ ಮೊದಲು ಔಷಧವೋ ಅಂತ ಹೇಳ್ತಾರ."

"ಮಾಡಸ್ರಿ. ಆಕಿಗೆ ಹೇಳಬ್ಯಾಡ್ರಿ."

"ಕರ್ಕೊಂಡ್ ಹೋಗಾಕಿ ನಾನು, ಮಾವಾರ. ಏನಂತ ಕೇಳಿದ್ರ?" ಎಂದಳು ಭವಾನಿ.

"ಗ್ಯಾಸ್ ಅನ್ನು."

ಭವಾನಿ ಗಂಡನ ಮುಖ ನೋಡಿದಳು. ಶರಣ ಗಂಗೆಯ ಕಡೆ ತಿರುಗಿಕೊಂಡ.

ಸ್ಕ್ಯಾನ್ ವಿಭಾಗದ ಡಾಕ್ಟರ್ ರಘುನಾಥ ಧಾರವಾಡದವರು. ಕನ್ನಡದ ಊಟ ನೆನಪಾದ ರವಿವಾರ ಮಠಕ್ಕೆ ಬಂದು ಪಂಕ್ತಿಯಲ್ಲಿ ಕೂರುವವರು. ದಿನ ಗೊತ್ತುಮಾಡಿಕೊಟ್ಟ ಅವರು ಭವಾನಿಗೆ ಒಂದು ಮಾತು ಹೇಳಿದರು: "ಫೋಟೋ ತಗೀವಾಗ ಅವರು ಉಸಿರು ಹಿಡೀಬೇಕ್ರಿ. ನಮ್ಮದು ಹಳೇ ಮಶೀನು, ಒಮ್ಮೆ ಅಲ್ಲ, ಹತ್ತತ್ರ ನಲವತ್ತು ಸಲ. ಪ್ರತಿ ಸಲ ಹತ್ತು ಎಣಿಸೋತನಕ. ಹೊಟ್ಟಿ ಅಲುಗಿದ್ರ ಸಣ್ಣ ಚುಕ್ಕಿ ತಪ್ಪಿಹೋಗ್ತಾವ. ಮನ್ಯಾಗ ಸ್ವಲ್ಪ ರೂಢಿ ಮಾಡಿಸ್ರಿ."

ಹೊಟ್ಟೆಗೆ ಮತ್ತೆ ನೀರು ತುಂಬತೊಡಗಿದ್ದರಿಂದ ತಾರಾದೇವಿಗೆ ಉಸಿರು ಹಿಡಿಯಲಾಗುತ್ತಿರಲಿಲ್ಲ. ಮೊದಲ ದಿನ ನಾಲ್ಕಕ್ಕೇ ಕೈಬಿಟ್ಟರು. ಎಣಿಸುವ ಕೆಲಸ ಒಂಬತ್ತು ವರ್ಷದ ವಚನಾಳದು. ಮಂಚದ ಮೇಲೆ ಅಂಗಾತ ಮಲಗಿದ ಅಜ್ಜಿಯ ಪಕ್ಕ ಸ್ಕೂಲಿನ ಟೀಚರಿನಂತೆ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಆಯಿ, ಸಾಂಸ್ ರೋಕೋ. ಒಂದು, ಎರಡು, ಮೂರು, ನಾಲ್ಕು, ಪಾಂಚ್..."

"ಪಾಂಚ್ ಅಲ್ಲ ನಿನ್ನ! ಐದು!"

"ಆಯಿ! ಸಾಂಸ್ ಛೋಡ್ ದಿಯಾ! ಫಿರ್ ಸೆ!"

"ನೀ ಸುದ್ದ ಎಣಿಸಿದ್ರ ನಾ ಯಾಕ ಬಿಡ್ತಿದ್ದೆ? ಕಾಶ್ಯಾಗ ಹುಟ್ಟಿದ್ದಕ್ಕ ಐದು ಮರತು ಹೋಗಬೇಕೇನು?"

ಎಂಟು ದಿನದಲ್ಲಿ ವಚನಾ ಹತ್ತರವರೆಗೆ ಹಿಂದಿ ಬೆರೆಸದೆ ಎಣಿಸಲು ಕಲಿತಳು, ತಾರಾದೇವಿ ಹತ್ತರವರೆಗೆ ಉಸಿರು ಹಿಡಿಯಲು ಕಲಿತರು. ಯಾರು ಯಾರಿಗೆ ಕಲಿಸಿದರೆಂದು ಇಬ್ಬರೂ ಜಗಳ ಆಡಿದರು. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ಭವಾನಿ ಆ ನಗು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಎಂಟು ದಿನಗಳಲ್ಲಿ ಅತ್ತೆ ಎಷ್ಟೋ ಸಲ ಕೇಳಿದ್ದರು, "ಗ್ಯಾಸಿಗೆ ಇಷ್ಟೆಲ್ಲ ಯಾಕ?" ಎಂದು. ಪ್ರತಿ ಸಲವೂ ಅವಳು ಒಂದೊಂದು ಸುಳ್ಳು ಹೇಳಿದ್ದಳು. ಅವೆಲ್ಲ ಒಂದಕ್ಕೊಂದು ಹೊಂದುತ್ತವೆಯೇ ಎಂಬುದೂ ಅವಳಿಗೆ ನೆನಪಿರಲಿಲ್ಲ.

ಸ್ಕ್ಯಾನಿನ ದಿನ ಬೆಳಿಗ್ಗೆ ಇಬ್ಬರೂ ಸೈಕಲ್ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದರು. ಬೆಂಚಿನ ಮೇಲೆ ಕೂರಿಸಿ ಒಂದು ಜಗ್ಗಿನ ತುಂಬ ಔಷಧ ಬೆರೆಸಿದ ನೀರು ಕೊಟ್ಟರು. ಕರುಳು ಚಿತ್ರದಲ್ಲಿ ಬೇರೆಯಾಗಿ ಕಾಣಬೇಕೆಂದರೆ ಒಂದು ತಾಸಿನಲ್ಲಿ ಅಷ್ಟನ್ನೂ ಕುಡಿಯಬೇಕಿತ್ತು. ಎರಡನೆಯ ಲೋಟದ ಹೊತ್ತಿಗೆ ರಘುನಾಥ ಹೊರಗೆ ಬಂದರು.

"ಹ್ಯಾಂಗ ಅದೀರಿ ಅಮ್ಮಾರ? ಈ ಸ್ಕ್ಯಾನ್ ಯಾತಕ್ಕ ಅಂತ ಗೊತ್ತದ ಏನ್ರಿ?"

"ಗೊತ್ತದಲ್ರಿ. ಗ್ಯಾಸ್ ಎಲ್ಲಿ ಕುಂತದ ನೋಡಾಕ."

ರಘುನಾಥ ಭವಾನಿಯ ಮುಖವನ್ನು ಒಂದು ಕ್ಷಣ ನೋಡಿ, "ಇನ್ನೂ ಅರ್ಧಾ ತಾಸು ಅದ. ನೀವು ಮಾತಾಡ್ರಿ" ಎಂದು ಒಳಗೆ ಹೋದರು.

ತಾರಾದೇವಿ ಲೋಟ ಕೆಳಗಿಟ್ಟರು. "ಡಾಕ್ಟರು ನಿನ್ನ ಮಾರಿ ಯಾಕ ನೋಡಿದ್ರು?"

ಭವಾನಿಯ ಬಾಯಿಗೆ ಹೊಸ ಸುಳ್ಳು ಯಾವುದೂ ಬರಲಿಲ್ಲ. ಅತ್ತೆಯ ಕೈ ಹಿಡಿದುಕೊಂಡಳು. "ಅತ್ತಿ, ಗರ್ಭಚೀಲದ ಪಕ್ಕದಾಗ ತತ್ತಿಯ ಚೀಲ ಇರ್ತದಲ್ರಿ, ಅಲ್ಲಿ ಗಡ್ಡಿ ಆಗೇದ. ಕ್ಯಾನ್ಸರ್ ಗಡ್ಡಿ. ಅದು ಎಷ್ಟು ಹರಡೇದ ಅಂತ ನೋಡಾಕ ಈ ಫೋಟೋ."

ಎದುರಿನ ಬೆಂಚಿನಲ್ಲಿ ಒಬ್ಬಾಕೆ ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಿದ್ದಳು. ತಾರಾದೇವಿ ಆ ಮಗು ಬಿಸ್ಕತ್ತು ಮುಗಿಸುವವರೆಗೂ ಅದನ್ನೇ ನೋಡುತ್ತ ಕೂತರು.

"ಯಾರ್ ಯಾರಿಗೆ ಗೊತ್ತದ?"

"ಮಾವಾರಿಗೆ, ಇವರಿಗೆ, ನನಗ."

"ಎಷ್ಟ್ ದಿನ ಆತು?"

"ಹನ್ನೊಂದು ದಿನ."

"ಹನ್ನೊಂದು ದಿನ ಮೂರೂ ಮಂದಿ ನನ್ನ ಎದುರಿಗೆ ಕುಂತು ಉಂಡ್ರಿ" ಎಂದರು ತಾರಾದೇವಿ. ದನಿ ಏರಲಿಲ್ಲ. "ನಾನ ಬಡಿಸಿದೆ. ಉಪ್ಪು ಕಡಿಮಿ ಆಗೇದೇನು ಅಂತ ಕೇಳಿದೆ. ಇಲ್ಲ, ಛಲೋ ಆಗೇದ ಅಂದ್ರಿ."

ಭವಾನಿಗೆ ಅಳು ತಡೆಯಲಾಗಲಿಲ್ಲ. ತಾರಾದೇವಿಯ ಕಣ್ಣೂ ತುಂಬಿತು. ಆದರೂ ಜಗ್ಗಿನಿಂದ ತಾವೇ ಲೋಟಕ್ಕೆ ಬಗ್ಗಿಸಿಕೊಂಡರು.

"ಇದನ್ನ ಪೂರಾ ಕುಡೀಲಿಲ್ಲಂದ್ರ?"

"ಫೋಟೋ ಸರಿ ಬರೂದಿಲ್ಲಂತ."

"ಹಂಗಿದ್ರ ಸುಮ್ಮನಾಗು. ನೀ ಅಳಕೋತ ಕುಂತ್ರ ನಾ ಒಳಗ ಉಸಿರು ಹ್ಯಾಂಗ ಹಿಡೀಲಿ?" ಎಂದು ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ ಮುಖ ಕಿವುಚಿದರು. "ಥೂ, ಸುಣ್ಣದ ತಿಳಿ ಕುಡದಂಗ ಅದ."

ಒಳಗೆ ದೊಡ್ಡ ಬಳೆಯಂತಹ ಯಂತ್ರದ ನಡುವೆ ಅವರನ್ನು ಮಲಗಿಸಿದರು. ಭವಾನಿ ಗಾಜಿನ ಈಚೆ ನಿಂತಳು. ಮೈಕಿನಲ್ಲಿ "ಸಾಂಸ್ ರೋಕಿಯೇ" ಎಂದಾಗಲೆಲ್ಲ ಅವಳೂ ಉಸಿರು ಹಿಡಿದಳು. ಅತ್ತೆ ಮಲಗಿದ ಹಲಗೆ ಬೆರಳಗಲ ಸರಿಯುವುದು, ಮತ್ತೆ ಉಸಿರು ಹಿಡಿಯುವುದು. ನಡುವೆ ಕೈಗೆ ಸೂಜಿಯ ಔಷಧ ಹೋದಾಗ ಮೈಯೆಲ್ಲ ಬಿಸಿಯಾಯಿತೆಂದು ತಾರಾದೇವಿ ಗಾಬರಿಯಾದರು. ರಘುನಾಥ ಮೈಕು ಹಿಡಿದು, "ಹೆದರಬ್ಯಾಡ್ರಿ ಅಮ್ಮಾರ, ಎರಡ ನಿಮಿಷದಾಗ ತಣ್ಣಗಾಗ್ತದ" ಎಂದು ಕನ್ನಡದಲ್ಲಿ ಹೇಳಿದರು. ಪರದೆಯ ಮೇಲೆ ಬೂದು ಬಣ್ಣದ ವೃತ್ತಗಳು ಒಂದೊಂದಾಗಿ ಮೂಡಿದವು. ಒಂದೂ ಅಲುಗಿರಲಿಲ್ಲ.

ಅಂದು ಮಧ್ಯಾಹ್ನ ಊಟಕ್ಕೆ ಬಡಿಸಲು ತಾರಾದೇವಿಯವರೇ ನಿಂತರು. ಭವಾನಿ ಬೇಡವೆಂದರೂ ಸೌಟು ಬಿಡಲಿಲ್ಲ. ದಾನಯ್ಯನವರ ತಟ್ಟೆಗೆ ರೊಟ್ಟಿ ಹಾಕಿ, ಬೇಳೆಯ ಪಾತ್ರೆ ಹಿಡಿದು ಎದುರಿಗೆ ನಿಂತುಬಿಟ್ಟರು.

"ರೀ, ನನಗ ಏನಾಗೇದ?"

"ಏನಿಲ್ಲ, ಗ್ಯಾ..."

"ಇನ್ನೊಮ್ಮೆ ಗ್ಯಾಸ್ ಅಂದ್ರ ಈ ಮನ್ಯಾಗ ನಿಮಗ ಒಣರೊಟ್ಟಿನ ಗತಿ."

ದಾನಯ್ಯನವರ ಕೈ ತಟ್ಟೆಯಲ್ಲೇ ನಿಂತಿತು. ಆಮೇಲೆ ಸೊಸೆಯ ಕಡೆ ತಿರುಗಿ ಗುಡುಗಿದರು: "ಹೇಳಿಬಿಟ್ಟಿಯೇನು? ಬ್ಯಾಡಂದಿದ್ದೆ! ಈ ಮನ್ಯಾಗ ಹಿರೇರ ಮಾತಿಗೆ ಕಿಮ್ಮತ್ತ ಇಲ್ಲೇನು?"

"ಆಕಿ ಮ್ಯಾಲೆ ಯಾಕ ಹಾಯ್ತೀರಿ? ಆಕಿ ಹೇಳಿದ್ದಕ್ಕ ನಾ ಆ ನೀರು ಕುಡದೆ. ನೀವು ಹೇಳಬೇಕಾಗಿತ್ತು."

"ನಮ್ಮ ಅಕ್ಕ..."

"ನಿಮ್ಮ ಅಕ್ಕ ನಿಮ್ಮ ಅಕ್ಕ. ನಾ ನಾನ. ಮೂವತ್ತೈದು ವರ್ಷ ಸಂಸಾರ ಮಾಡಿ ಇಷ್ಟೂ ಗೊತ್ತಿಲ್ಲೇನು ನಿಮಗ? ನಾ ಯಾವತ್ತಾದ್ರೂ ಅನ್ನ ಬಿಟ್ಟೀನೇನು? ನಮ್ಮಪ್ಪ ಹೋದ ದಿನಾನೂ ನಿಮ್ಮ ಮಠದ ನೂರು ಮಂದಿಗೆ ಹೋಳಿಗಿ ತಟ್ಟೀನಿ."

ಶರಣ "ಅವ್ವಾ, ಕೂಡ್ರಿ" ಎಂದು ಎದ್ದ. "ನೀ ಕೂಡು. ನಿನ್ನ ಸರದಿ ಆಮೇಲೆ ಅದ" ಎಂದರು. ಅವನು ಕೂತ.

"ಹೇಳ್ರಿ. ನಿಮ್ಮ ಬಾಯಿಲೆ ಕೇಳಬೇಕು ನಾನು."

ನೂರಾರು ಮಂದಿಯ ಪಂಕ್ತಿಯಲ್ಲಿ ಗಟ್ಟಿ ದನಿಯಲ್ಲಿ ಓಡಾಡುವ ದಾನಯ್ಯನವರು ರೊಟ್ಟಿಯ ತುಂಡನ್ನು ಬೆರಳಲ್ಲಿ ಪುಡಿ ಮಾಡುತ್ತ, ಮಗು ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದರು: "ಕ್ಯಾನ್ಸರ್ ಅಂತ, ತಾರಾ." ಹೇಳಿದವರೇ ಹೆಗಲ ಮೇಲಿನ ವಸ್ತ್ರಕ್ಕೆ ಮುಖ ಒತ್ತಿಕೊಂಡರು. "ನೀ ಕೇಳಿದ್ರ ಹೋಗಿಬಿಡ್ತಿ ಅಂತ ಅಂಜಿಕಿ ಆತು. ಮತ್ತೇನಿಲ್ಲ."

ತಾರಾದೇವಿ ಅವರ ತಟ್ಟೆಗೆ ಬೇಳೆ ಬಡಿಸಿದರು, ಮೇಲೊಂದು ಚಮಚ ತುಪ್ಪ ಹಾಕಿದರು. "ಉಣ್ರಿ, ಆರ್ತದ" ಎಂದರು.

ಮೂರು ದಿನ ಬಿಟ್ಟು ಎಲ್ಲರೂ ಫೋಟೋ ನೋಡಲು ಹೋದರು. ರಘುನಾಥ ದೊಡ್ಡ ದೊಡ್ಡ ಕಪ್ಪು ಹಾಳೆಗಳನ್ನು ದೀಪದ ಹಲಗೆಗೆ ಸಿಕ್ಕಿಸಿದರು. ದಾನಯ್ಯನವರು ಬಾಗಿಲ ಬಳಿಯೇ ನಿಂತರು. ತಾರಾದೇವಿ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು.

"ಸವತಿಕಾಯಿ ಹೋಳು ಮಾಡಿದಂಗ ಅದ ಅಲ್ರಿ" ಎಂದರು.

"ಕರೆಕ್ಟ್ ಹೇಳಿದ್ರಿ. ಇದು ಮ್ಯಾಲಿನ ಹೋಳು, ಇದು ಕೆಳಗಿನದು." ರಘುನಾಥ ಪೆನ್ನಿನ ತುದಿಯಿಂದ ತೋರಿಸಿದರು. "ಇದು ಮೂಲ ಗಡ್ಡಿ. ಈ ಕರೀದು ನೀರು. ಕರುಳಿನ ಮುಂದ ಕೊಬ್ಬಿನ ಪರದೆ ಇರ್ತದ, ಅಲ್ಲಿ ದಪ್ಪಾಗಿ ಕೂತದ ನೋಡ್ರಿ. ಆಮೇಲೆ ಇಲ್ಲಿ, ಯಕೃತ್ತಿನ ಮ್ಯಾಲೆ, ಹುಣಸೀ ಬೀಜದಷ್ಟು ಒಂದು. ಯಕೃತ್ತಿನ ಒಳಗ ಏನಿಲ್ಲ. ಎದಿ ಸುದ್ದ ಅದ."

"ಮತ್ತ ಎಲ್ಲೂ ಇಲ್ಲೇನ್ರಿ?" ಎಂದಳು ಭವಾನಿ.

"ಇದ್ರೂ ಇರಬಹುದು. ಕಾಳಿಗಿಂತ ಸಣ್ಣದಿದ್ರ ಈ ಮಶೀನಿಗೆ ಕಾಣಂಗಿಲ್ಲ. ಅದನ್ನ ಹೊಟ್ಟಿ ಕೊಯ್ದ ಮ್ಯಾಲೇ ಆಪರೇಷನ್ ಮಾಡೋ ಡಾಕ್ಟರಮ್ಮ ಕಣ್ಣಿಲೆ ನೋಡಬೇಕು."

"ಇಷ್ಟ್ ಹರಡಿದ ಮ್ಯಾಲೆ ಕೊಯ್ಯೂದ್ಯಾಕ?" ಬಾಗಿಲಿನಿಂದ ದಾನಯ್ಯನವರ ದನಿ ಬಂತು. "ಇದ್ದಷ್ಟ್ ದಿನ ಮನ್ಯಾಗ ಇರಲಿ."

"ಹಂಗಲ್ರಿ ಅಯ್ಯನವರ. ಬಹಳಷ್ಟು ತಗೀಬಹುದು ಅಂತ ಈ ಫೋಟೋ ನೋಡಿನ ಡಾಕ್ಟರಮ್ಮ ಹೇಳ್ಯಾರ. ಉಳಿದದ್ದಕ್ಕ ಔಷಧ ಆರು ಸಲ. ಔಷಧ ತ್ರಾಸ್ ಕೊಡ್ತದ, ಕೂದಲಾ ಹೋಗ್ತಾವ. ಪೂರಾ ಗುಣ ಆಗ್ತದ ಅಂತ ನಾ ಸುಳ್ಳ್ ಹೇಳೂದಿಲ್ಲ. ಆದ್ರ ದಾರಿ ಅದ."

ಎಲ್ಲರೂ ದಾನಯ್ಯನವರ ಕಡೆ ನೋಡಿದರು. ದಾನಯ್ಯನವರು ಹೆಂಡತಿಯ ಕಡೆ ನೋಡಿದರು. ತಾರಾದೇವಿ ಹಾಳೆಯ ಮೇಲಿನ ಆ ಹುಣಸೆ ಬೀಜವನ್ನೇ ದಿಟ್ಟಿಸುತ್ತಿದ್ದರು.

"ಕಂಡದ್ದನ್ನ ಒಳಗ ಇಟ್ಕೊಂಡು ಹ್ಯಾಂಗ ಕೂಡೂದು? ತಗೀರಿ" ಎಂದರು.

ಯುಗಾದಿ ಹಬ್ಬ ಕಳೆದ ವಾರ ಆಪರೇಷನ್ ಆಯಿತು. ನಾಲ್ಕು ತಾಸು ಹಿಡಿಯಿತು. ಗರ್ಭಚೀಲ, ಎರಡೂ ಅಂಡಾಶಯ, ಆ ಕೊಬ್ಬಿನ ಪರದೆ ಎಲ್ಲ ತೆಗೆದರು. ಕಾಳಿನಂಥವು ಕೆಲವು ಕಂಡವು, ಅವನ್ನೂ ತೆಗೆದರು. ಯಕೃತ್ತಿನ ಮೇಲಿನದನ್ನು ಮಾತ್ರ ಮುಟ್ಟುವುದು ಅಪಾಯವೆಂದು ಬಿಟ್ಟರು.

ಆ ದಿನಗಳಲ್ಲಿ ಭವಾನಿ ಆಸ್ಪತ್ರೆಯಲ್ಲೇ ಇದ್ದಳು. ಮನೆಯಲ್ಲಿ ಒಲೆ ಹಚ್ಚಿದವರು ದಾನಯ್ಯನವರು. ಮೂವತ್ತು ವರ್ಷ ಮಠದಲ್ಲಿ ಅಡುಗೆ ಮಾಡಿಸಿದ್ದರೂ ಮನೆಯಲ್ಲಿ ಒಮ್ಮೆಯೂ ಸೌಟು ಹಿಡಿದವರಲ್ಲ. ಅವರ ಕೈಗೆ ನೂರು ಮಂದಿಯ ಅಳತೆ ಮಾತ್ರ ಗೊತ್ತಿತ್ತು. ಮೊದಲ ದಿನ ಮಾಡಿದ ಹೆಸರುಬೇಳೆ ಗಂಜಿ ವಾರ್ಡಿನ ಹನ್ನೆರಡು ಮಂಚಗಳಿಗೂ ಸಾಕಾಯಿತು.

"ನಿಮ್ಮ ಬಾಬೂಜಿ ನಾಳೇನೂ ಬರ್ತಾರೇನು?" ಎಂದು ಪಕ್ಕದ ಮಂಚದ ಮುದುಕಿ ಭವಾನಿಯನ್ನು ಹಿಂದಿಯಲ್ಲಿ ಕೇಳಿದಳು. ತಾರಾದೇವಿಗೆ ನಗು ಬಂತು, ಹೊಲಿಗೆ ನೋವಾಯಿತು. "ನಗಸಬ್ಯಾಡ್ರೇ" ಎಂದು ಹೊಟ್ಟೆ ಹಿಡಿದುಕೊಂಡರು.

ಆಮೇಲೆ ಔಷಧ ಶುರುವಾಯಿತು. ಪ್ರತಿ ಮೂರು ವಾರಕ್ಕೊಮ್ಮೆ ಸಲೈನಿನ ಬಾಟಲಿ. ಆಮೇಲಿನ ಮೂರು ದಿನ ತೊಟ್ಟು ನೀರೂ ನಿಲ್ಲದ ವಾಂತಿ. ಬೋಗುಣಿ ಹಿಡಿಯುವ ಸರದಿಯನ್ನು ಶರಣ ತಾನಾಗೇ ವಹಿಸಿಕೊಂಡ. ಅಂದು "ನಿನ್ನ ಸರದಿ ಆಮೇಲೆ" ಎಂದು ಕೂರಿಸಿದ್ದ ಅಮ್ಮ ಅವನನ್ನು ಮುಂದೆ ಏನೂ ಬಯ್ಯಲೇ ಇಲ್ಲ. ಅದೇ ಅವನಿಗೆ ಬೈಗುಳಕ್ಕಿಂತ ಹೆಚ್ಚಾಗಿತ್ತು. ಎರಡನೆಯ ಸಲದ ಹೊತ್ತಿಗೆ ಕೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬಂತು. ವಚನಾ ಅಜ್ಜಿಯ ತಲೆಗೆ ತನ್ನ ಸ್ಕೂಲಿನ ಬಿಳಿ ಸ್ಕಾರ್ಫ್ ಕಟ್ಟಿ, "ಆಯಿ, ಈಗ ನೀ ನಮ್ಮ ಪ್ರಿನ್ಸಿಪಾಲ್ ಮೇಡಂ" ಎಂದಳು.

"ಹಂಗಿದ್ರ ಕೈ ಚಾಚು, ಛಡಿ ಏಟು ಕೊಡ್ತೀನಿ."

ಅಡುಗೆಮನೆಯಲ್ಲಿ ಮಾವ ಸೊಸೆಯರ ಜಗಳ ಹೊಸದಾಗಿ ಶುರುವಾಗಿತ್ತು. ರುಚಿ ಕೆಟ್ಟ ಬಾಯಿಗೆ ಏನು ಹಿಡಿಸುತ್ತದೆಂದು ದಾನಯ್ಯನವರು ದಿನಾ ಒಂದು ಪ್ರಯೋಗ ಮಾಡುವರು. "ಮಾವಾರ, ಇಷ್ಟ್ ಎಣ್ಣಿ ಹಾಕಬ್ಯಾಡ್ರಿ." "ಎಣ್ಣಿ ಇಲ್ಲದ ಒಗ್ಗರಣಿ ಯಾವ ಊರಿಂದು?" ಅಂದು ಮಾಳಿಗೆಯಲ್ಲಾದ ಮಾತನ್ನಾಗಲಿ, ಊಟದ ಹೊತ್ತಿನ ಗುಡುಗನ್ನಾಗಲಿ ಇಬ್ಬರೂ ಎತ್ತಲಿಲ್ಲ. ಆದರೆ ಒಂದು ದಿನ ಸೊಸೆಗೆಂದು ಬೇರೆ ಬಟ್ಟಲಲ್ಲಿ ಕೆಂಪು ಖಾರದ ಚಟ್ನಿ ಅರೆದಿಟ್ಟು, "ಇಳಕಲ್ಲಿನವರಿಗೆ ಸಪ್ಪನ್ನ ಉಂಡು ಬ್ಯಾಸರ ಆಗಿರ್ತದ" ಎಂದು ಅತ್ತ ತಿರುಗಿಕೊಂಡರು. ಭವಾನಿ ಆ ದಿನ ನಾಲ್ಕು ರೊಟ್ಟಿ ತಿಂದಳು.

ಮೂರು ಸಲದ ಔಷಧ ಮುಗಿದ ಮೇಲೆ ಮತ್ತೆ ಸ್ಕ್ಯಾನ್ ಆಯಿತು. ಜೂನ್ ತಿಂಗಳು, ಬಿಸಿಗಾಳಿಗೆ ಗಲ್ಲಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ರಿಪೋರ್ಟ್ ತರುವ ದಿನ ಭವಾನಿ ಸೆರಗು ಸಿಕ್ಕಿಸಿಕೊಂಡು ಹೊರಟಾಗ ತಾರಾದೇವಿ ತಡೆದರು.

"ನೀ ಇರು. ಈ ಸಲ ಅವರು ಹೋಗಲಿ."

ದಾನಯ್ಯನವರು ತಲೆಗೆ ಒದ್ದೆ ವಸ್ತ್ರ ಸುತ್ತಿಕೊಂಡು ಹೋದರು. ಮನೆಯಲ್ಲಿ ಯಾರಿಗೂ ಕೆಲಸ ಸಾಗಲಿಲ್ಲ. ಭವಾನಿ ಒಂದೇ ಅಕ್ಕಿಯನ್ನು ಎರಡು ಸಲ ಆರಿಸಿದಳು. ಶರಣ ಅರ್ಧ ದಿನದ ರಜೆ ಹಾಕಿ ಬಂದು ಬಾಗಿಲಿಗೂ ಕಿಟಕಿಗೂ ಓಡಾಡಿದ. ಎರಡು ಗಂಟೆಯ ಸುಮಾರಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಅವನು ಎದುರಿಗೆ ಹೋಗಿ ಲಕೋಟೆಗೆ ಕೈ ಚಾಚಿದ.

"ಏನಂದ್ರು ಅಪ್ಪಾ? ಇಲ್ಲಿ ಕೊಡ್ರಿ, ನಾ ಓದ್ತೀನಿ."

"ಅತ್ತಾಗ ಸರಿ" ಎಂದರು ದಾನಯ್ಯನವರು. ಲಕೋಟೆಯನ್ನು ಮಗನ ಕೈಗೆ ಕೊಡಲಿಲ್ಲ. ಚಪ್ಪಲಿ ಬಿಟ್ಟು, ಬೆವರು ಒರೆಸಿಕೊಳ್ಳದೆ ಸೀದಾ ಒಳಕೋಣೆಗೆ ಹೋಗಿ ಮಂಚದ ಅಂಚಿಗೆ ಕೂತರು. ಭವಾನಿ ಬಾಗಿಲಲ್ಲೇ ನಿಂತಳು.

"ತಾರಾ, ಕೇಳು. ನೀರು ಇಲ್ಲ. ಕೆಳಗ ಎಲ್ಲ ಸುದ್ದ ಅದ. ಯಕೃತ್ತಿನ ಮ್ಯಾಲಿಂದು ಹೋಗಿಲ್ಲ. ಸಣ್ಣ ಆಗೇದ. ಆದ್ರ ಅದ. ಇನ್ನೂ ಮೂರು ಸಲ ಔಷಧ ತಗೋಬೇಕು. ಅದಕ್ಕೂ ಹೋಗ್ತದೋ ಇಲ್ಲೋ ಡಾಕ್ಟರಿಗೂ ಗೊತ್ತಿಲ್ಲ. ನಾ ಎರಡ ಸಲ ಕೇಳೀನಿ. ಇಷ್ಟ ಹೇಳಿದ್ರು, ಇಷ್ಟ ನಿನಗ ಹೇಳೀನಿ. ಏನೂ ಮುಚ್ಚಿಟ್ಟಿಲ್ಲ."

"ಎಷ್ಟ್ ಅದ ಈಗ?"

ದಾನಯ್ಯನವರು ಕಿರುಬೆರಳು ಮುಂದೆ ಚಾಚಿ, ಅದರ ಉಗುರನ್ನು ಹೆಬ್ಬೆರಳಿನಿಂದ ಮುಟ್ಟಿ ತೋರಿಸಿದರು. "ಇಷ್ಟು."

ತಾರಾದೇವಿ ಆ ಬೆರಳನ್ನು ಹಿಡಿದುಕೊಂಡರು. ಕಿಟಕಿಯ ಬೆಳಕಿಗೆ ತಿರುಗಿಸಿ, ಹತ್ತಿರಕ್ಕೆ ತಂದು ಬಹಳ ಹೊತ್ತು ನೋಡಿದರು. ಭವಾನಿಗೆ ಅತ್ತೆ ಅಳುತ್ತಾರೆನ್ನಿಸಿತು.

"ಏನ್ರಿ ಇದು, ಉಗುರು ಇಷ್ಟ್ ಬೆಳಿಸ್ಕೊಂಡೀರಿ! ಈ ಕೈಲೆ ಹಿಟ್ಟು ನಾದ್ತೀರೇನು?"

"ಹೊತ್ತು ಎಲ್ಲಿ ಸಿಕ್ಕದ" ಎಂದು ದಾನಯ್ಯನವರು ತಪ್ಪು ಮಾಡಿದವರಂತೆ ಬೆರಳು ಎಳೆದುಕೊಳ್ಳಹೋದರು. ತಾರಾದೇವಿ ಬಿಡಲಿಲ್ಲ.

"ಇವತ್ತ ಸೋಮವಾರ, ನಾಳೆ ಮಂಗಳವಾರ, ಎರಡೂ ದಿನ ಉಗುರು ತಗೀಬಾರದು. ಬುಧವಾರ ತಗೀರಿ" ಎಂದರು. "ನೀವು ಮರೀತೀರಿ. ನಾನ ನೆನಪ ಮಾಡ್ತೀನಿ."